ಆಪರೇಶನ್ನಿಗೆ ಮೊದಲ ರೊಟ್ಟಿ ಬಡದಿಡೋದು

ಹೋದ ವಾರ ನಮ್ಮ ವೈನಿ ಫೋನ್ ಮಾಡಿದ್ರು. ದಸರಾ ಮುಗದ ಮ್ಯಾಲ ಅವರ ಬಲ ಮೊಣಕಾಲಿನ ಆಪರೇಶನ್ ಅದ. "ತಯಾರಿ ಹೆಂಗ ನಡದದ್ರಿ ವೈನಿ?" ಅಂತ ಕೇಳಿದೆ. "ಎಲ್ಲಾ ನಡದದ ನೋಡವಾ. ಇನ್ನೂರು ಕಡಕ್ ರೊಟ್ಟಿ ಬಡದಿಟ್ಟೀನಿ. ಶೇಂಗಾ ಚಟ್ನಿ ಆತು, ಗುರೆಳ್ಳು ಚಟ್ನಿ ನಾಳೆ ಕುಟ್ಟಸ್ತೀನಿ. ಒಂದ ತಿಂಗಳ ಗೋದಿ ಹಸನ ಮಾಡಿ ಗಿರಣಿಗೆ ಕಳಿಸಿದ್ರ ಮುಗೀತು" ಅಂದ್ರು. ನಾ ಕೇಳಿದ್ದು ಕಾಲಿನ ತಯಾರಿ. ಅವರು ಹೇಳಿದ್ದು ಡಬ್ಬಿ ತಯಾರಿ.

ಮೊದಲ ನಗು ಬಂತು. ಆಮ್ಯಾಲ ನಮ್ಮ ಅವ್ವ ನೆನಪಾದಳು, ನಗು ನಿಂತು ಹೋತು.

1991ರಾಗ ಅವ್ವಗ ಹರ್ನಿಯಾ ಆಪರೇಶನ್ ಆತು. ದವಾಖಾನಿಗೆ ಹೋಗೋ ಹಿಂದಿನ ಎರಡು ದಿನ ಆಕಿ ಏನ್ ಮಾಡಿದ್ಲು ಗೊತ್ತದ ಏನ್ರಿ? ವರ್ಷದ ಖಾರಪುಡಿ ಕುಟ್ಟಿದ್ಲು. ಬ್ಯಾಡಗಿ ಮೆಣಸಿನಕಾಯಿ ಹುರದು, ಒಳ್ಳಿನಾಗ ಹಾಕಿ, ನಾವಿಬ್ಬರೂ ಮೂಗಿಗೆ ಸೆರಗು ಕಟ್ಟಿಕೊಂಡು. ಕೆಮ್ಮಿ ಕೆಮ್ಮಿ ಆಕಿ ಕಣ್ಣು ಕೆಂಪಗ ಆಗಿದ್ವು. ಆಪರೇಶನ್ ಛಲೋ ಆತು, ಅದರಾಗ ಯಾರದೂ ತಪ್ಪಿಲ್ಲ. ಆದ್ರ ಹೊಲಿಗಿ ನೋವಿಗೆ ಅಂಜಿ ಆಕಿ ಜೋರಾಗಿ ಉಸರು ತಗೊಳ್ಳಲಿಲ್ಲ, ಕೆಮ್ಮಿ ಕಫ ಹೊರಗ ಹಾಕಲಿಲ್ಲ. ನಾಕನೇ ದಿನಕ್ಕ ಜ್ವರ ಬಂತು, ನಿಮೋನಿಯಾ ಅಂದ್ರು. ಮನಿಗೆ ಬರೋದ್ರಾಗ ಮೂರು ವಾರ ಆತು. ಮನಿಗೆ ಬಂದದ್ದೂ ಅರ್ಧಾ ಅವ್ವನ. ಆಮ್ಯಾಲ ಆಕಿ ಒಂದ ಕೊಡ ನೀರು ಎತ್ತಲಿಲ್ಲ. ಆ ಖಾರಪುಡಿ ಮಾತ್ರ ಮುಂದಿನ ಯುಗಾದಿ ತನಕ ಬಂತು.

ಹಿಂಗಾಗಿ ಆಪರೇಶನ್ನಿಗೆ ಮೊದಲ ತಯಾರಿ ಅಂದ್ರ ಏನು, ಹಿಂದಿನವರು ಏನ್ ಮಾಡ್ತಿದ್ರು ಅಂತ ತಿಳ್ಕೋಬೇಕು ಅನ್ನಿಸ್ತು. ನಮ್ಮ ಮಗಳು ಫಿಸಿಯೋಥೆರಪಿ ಓದಿದಾಕಿ. ಆಕಿ ತಲಿ ತಿಂದು ತಿಂದು ಕೇಳಿ, ಒಂದಿಷ್ಟು ಓದಿ, ತಿಳದಷ್ಟು ಇಲ್ಲೆ ಬರದೀನಿ.

ಎಲ್ಲಾಕಿಂತ ಹಳೇದು ನಮ್ಮ ಸುಶ್ರುತ ಸಂಹಿತೆ. ಅದರಾಗ ಶಸ್ತ್ರಚಿಕಿತ್ಸೆಗೆ ಮೂರು ಭಾಗ ಮಾಡ್ಯಾರ: ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್‌ಕರ್ಮ. ಕೊಯ್ಯೋದು ನಡುವಿಂದು ಅಷ್ಟ. ಪೂರ್ವಕರ್ಮದ ಸಾಮಾನಿನ ಪಟ್ಟಿ ಓದಿದ್ರ ನಮ್ಮ ಮದುವಿ ಮನಿ ಚೀಟಿ ಓದಿದಂಗ ಆಗ್ತದ: ಅರಳಿ, ಬಟ್ಟಿ, ದಾರ, ಜೇನುತುಪ್ಪ, ತುಪ್ಪ, ಹಾಲು, ಎಣ್ಣಿ, ಬೀಸಣಿಕಿ, ತಣ್ಣೀರು, ಬಿಸಿನೀರು, ಕಡಾಯಿ. ಜೋಡಿಗೆ ಗಟ್ಟಿ ಮೈಯ, ಪ್ರೀತಿ ಇರೋ ಸಹಾಯಕರು ಬೇಕಂತ. ರೋಗಿಗೆ ಹಗುರ ಊಟ ಮಾಡಿಸಿ ಪೂರ್ವಕ್ಕ ಮುಖ ಮಾಡಿ ಕೂಡಿಸಬೇಕು. ಆದ್ರ ಹೊಟ್ಟಿ, ಮೂಲವ್ಯಾಧಿ, ಮೂತ್ರದ ಕಲ್ಲು, ಬಾಯಿ ರೋಗ, ಹೊಟ್ಟ್ಯಾಗ ಅಡ್ಡ ಸಿಕ್ಕ ಕೂಸು, ಇಂಥವಕ್ಕ ಊಟ ಮಾಡಿಸದನ ಕೆಲಸ ಮಾಡಬೇಕು ಅಂತನೂ ಅದ. ಯಾವುದಕ್ಕ ಉಪವಾಸ, ಯಾವುದಕ್ಕ ಊಟ ಅಂತ ಅವರು ಆಗಲೇ ವಿಚಾರ ಮಾಡಿದ್ರು. ನೋವು ತಡಿಲಾರದವರಿಗೆ ಮದ್ಯ ಕುಡಸ್ತಿದ್ರು, ಯಾಕಂದ್ರ ಮಂಪರ ತರೋ ಔಷಧ ಆಗ ಬ್ಯಾರೆ ಎಲ್ಲಿದ್ವು?

ಮಂಪರ ಇಲ್ಲದ ಆಪರೇಶನ್ ಹೆಂಗಿರ್ತದ ಅಂತ ಹೆಂಗಸೊಬ್ಬಾಕಿ ತಾನ ಬರದಿಟ್ಟಾಳ. ಫ್ಯಾನಿ ಬರ್ನಿ ಅಂತ, ಇಂಗ್ಲೆಂಡಿನ ಕಾದಂಬರಿಕಾರ್ತಿ. ಗಂಡ ಫ್ರೆಂಚ್‌ನವ, ಹಿಂಗಾಗಿ ಪ್ಯಾರಿಸ್ಸಿನಾಗ ಇದ್ಲು. 1811ರ ಸೆಪ್ಟೆಂಬರ್ 30ಕ್ಕ, ಆಕಿಗೆ 59 ವರ್ಷ ಇದ್ದಾಗ, ಮೊಲಿ ಗಡ್ಡಿ ಅಂತ ಆಪರೇಶನ್ ಮಾಡಿದ್ರು. ಮಾಡಿದಾಂವ ನೆಪೋಲಿಯನ್ ಸೈನ್ಯದ ಸರ್ಜನ್ ಲಾರೆ. ತನ್ನ ಅಕ್ಕ ಎಸ್ತರ್‌ಗೆ ಆಮ್ಯಾಲ ಉದ್ದಾನ ಪತ್ರ ಬರದು ಎಲ್ಲಾ ಹೇಳ್ಯಾಳ.

ಆಕಿ ಮೂರು ವಾರ ಕಾದ್ಲು. ಆ ಮೂರು ವಾರದಾಗ ಆಕಿ ಮೈಗೆ ಏನೂ ತಯಾರಿ ಇಲ್ಲ. ಮುಂಜಾನೆ ಚೀಟಿ ಬಂತು, ಇವತ್ತ ಬರ್ತೀವಿ ಅಂತ. ಮುಂದ ಆಕಿ ಮಾಡಿದ್ದು ಓದಿದ್ರ ನಮ್ಮ ಅವ್ವನ್ನ ನೋಡಿದಂಗ ಆಗ್ತದ. ಕೋಲಿ ಸಜ್ಜು ಮಾಡಿಸಿದ್ಲು. ಗಂಡ ಮನ್ಯಾಗ ಇರದಂಗ ನೋಡಿಕೊಂಡ್ಲು, ಅಂವಗ ತಡಿಯೋದು ಆಗೂದಿಲ್ಲ ಅಂತ. ಪಡಸಾಲ್ಯಾಗ ರಾಶಿ ರಾಶಿ ಪಟ್ಟಿ, ಸ್ಪಂಜು ಇಟ್ಟಿದ್ದು ನೋಡಿ ಹೊಟ್ಟ್ಯಾಗ ತೊಳಿಸಿದಂಗ ಆತಂತ. ಕುಡಿಲಿಕ್ಕೆ ಕೊಟ್ಟಿದ್ದು ಒಂದಿಷ್ಟು ದ್ರಾಕ್ಷಾರಸದ ಔಷಧ, ಅಷ್ಟ. ಇಪ್ಪತ್ತು ನಿಮಿಷ, ಮಂಪರ ಇಲ್ಲದನ. ಆಕಿ ಜೀವ ಗಟ್ಟಿ, 1840ರ ತನಕ ಬದುಕಿದ್ಲು. ಆದ್ರ ನನಗ ಮನಸಿನಾಗ ಉಳದದ್ದು ಆ ಗಂಡನ್ನ ಹೊರಗ ಕಳಿಸಿದ್ದು. ಕತ್ತಿ ತನ್ನ ಮೈಮ್ಯಾಲ ಬರೋ ದಿನಾನೂ ಹೆಂಗಸಿಗೆ ಇನ್ನೊಬ್ಬರ ಚಿಂತಿ.

1846ರ ಅಕ್ಟೋಬರ್ 16ಕ್ಕ ಅಮೆರಿಕಾದ ಬಾಸ್ಟನ್‌ನಾಗ ಮಾರ್ಟನ್ ಅನ್ನೋಂವ ಈಥರ್ ಮೂಸಿಸಿ ಮಂಪರ ತರಿಸಿ ತೋರಿಸಿದ. ಅಲ್ಲಿತನಕ ಸರ್ಜನ್‌ಗೆ ಬೇಕಾಗಿದ್ದು ಕೈಚಳಕ, ಗಡಿಬಿಡಿ. ಆಮ್ಯಾಲ ಟೈಮ್ ಸಿಕ್ತು. ಲಿಸ್ಟರ್ ಬಂದು ಹೊಲಸು, ಕೀವು ತಡಿಯೋ ದಾರಿ ಹಾಕಿಕೊಟ್ಟ. ಹೊಟ್ಟಿ ಒಳಗ ಕೈ ಹಾಕೋ ಧೈರ್ಯ ಬಂತು. ಅಷ್ಟಾದ್ರೂ ರೋಗಿ ಮೈಯಾಗ ಎಷ್ಟು ಕಸುವು ಅದ ಅಂತ ಅಳದು ನೋಡಿ ಲೆಕ್ಕಾ ಇಟ್ಟವರು ಭಾಳ ದಿನ ಯಾರೂ ಸಿಗೂದಿಲ್ಲ.

ಉಪವಾಸದ ಕಥಿ ಒಂದು ನಡುವ ಹೇಳ್ಬೇಕು, ನಾವು ಏಕಾದಶಿ ಮಾಡೋ ಮಂದಿ. ಇದ ಲಿಸ್ಟರ್ 1883ರಾಗ ಬರದಿದ್ದ: ಹೊಟ್ಟ್ಯಾಗ ಗಟ್ಟಿ ಪದಾರ್ಥ ಇರಬಾರದು, ಆದ್ರ ಎರಡು ತಾಸು ಮೊದಲ ಚಾದಂಥಾದ್ದು ಕುಡಿಬಹುದು ಅಂತ. 1946ರಾಗ ನ್ಯೂಯಾರ್ಕಿನ ಮೆಂಡೆಲ್ಸನ್ ಅನ್ನೋ ಡಾಕ್ಟ್ರು, ಹೆರಿಗಿ ಹೊತ್ತಿನಾಗ ಮಂಪರ ಕೊಟ್ಟ ಹೆಂಗಸರಿಗೆ ಹೊಟ್ಟ್ಯಾಗಿಂದು ಉಸರಿನ ನಾಳಕ್ಕ ಹೋಗಿ ಆಗೋ ಅಪಾಯ ತೋರಿಸಿದ್ರು. ಅವರು ಹೇಳಿದ್ದು ಖರೇನ ಇತ್ತು. ಆಮ್ಯಾಲ ಎಲ್ಲಾರಿಗೂ ಎಲ್ಲಾ ಆಪರೇಶನ್ನಿಗೂ "ಮಧ್ಯರಾತ್ರಿಯಿಂದ ಹನಿ ನೀರೂ ಇಲ್ಲ" ಅನ್ನೋ ನಿಯಮ ಬೇರೂರಿತು. 1999ರಾಗ ಅಮೆರಿಕಾದ ಮಂಪರ ಡಾಕ್ಟ್ರ ಸಂಘದವರು, ತಿಳಿ ನೀರಿನಂಥಾದ್ದು ಎರಡು ತಾಸು ಮೊದಲಿನ ತನಕ ನಡೀತದ ಅಂದ್ರು. ನೂರು ವರ್ಷ ಸುತ್ತಿ ಲಿಸ್ಟರ್ ಹತ್ರನ ಬಂದ್ರು ನೋಡ್ರಿ. ಇದನ್ನ ಓದಿ ಯಾರೂ ತಾವಾಗೇ ಚಾ ಕುಡದು ಹೋಗಬ್ಯಾಡ್ರಿ ಮತ್ತ. ನಿಮ್ಮ ಮಂಪರ ಡಾಕ್ಟ್ರು ಹೇಳಿದ ಹೊತ್ತೇ ಖರೆ. ಶುಗರ್ ಇದ್ದವರದಂತೂ ಬ್ಯಾರೆನ ಲೆಕ್ಕ.

ಇನ್ನ ಕಸುವಿನ ಮಾತಿಗೆ ಬರ್ತೀನಿ. 1936ರಾಗ ಅಮೆರಿಕಾದ ಕ್ಲೀವ್‌ಲ್ಯಾಂಡ್ ಊರಾಗ ಸ್ಟಡ್ಲಿ ಅನ್ನೋ ಸರ್ಜನ್, ಹೊಟ್ಟಿ ಹುಣ್ಣಿನ ಆಪರೇಶನ್ ಆದ 46 ಮಂದಿ ಲೆಕ್ಕಾ ತೆಗದ. ವಯಸ್ಸು, ಎದಿ, ಪುಪ್ಪಸ, ಆಪರೇಶನ್ ತರಹ ಎಲ್ಲಾ ನೋಡಿದ. ಎಲ್ಲಾಕಿಂತ ಎದ್ದು ಕಂಡದ್ದು ಒಂದ: ಆಪರೇಶನ್ನಿಗೆ ಮೊದಲ ಎಷ್ಟು ತೂಕ ಇಳದಿತ್ತು ಅನ್ನೋದು. ಐದರಾಗ ಒಂದು ಪಾಲಿಗಿಂತ ಹೆಚ್ಚು ತೂಕ ಕಳಕೊಂಡವರೊಳಗ ಮೂರಕ್ಕ ಒಬ್ಬರು ತೀರಿಕೊಂಡಿದ್ರು. ಅಷ್ಟು ಇಳೀದವರೊಳಗ ನೂರಕ್ಕ ಮೂರೂವರಿ. ಐವತ್ತು ಕಿಲೋ ಇದ್ದಾಕಿ ನಲವತ್ತರ ಕೆಳಗ ಬಂದು ಮೇಜಿನ ಮ್ಯಾಲ ಮಲಗಿದಂಗ. ಕೊಯ್ಯೋ ಕೈ ಎಷ್ಟ ಛಲೋ ಇದ್ರೂ ಕೊಯ್ಯಿಸಿಕೊಳ್ಳೋ ಮೈಯಾಗ ಶಿಲ್ಕು ಇರಬೇಕಲ್ಲ. ಇದು 46 ಮಂದಿಯ ಸಣ್ಣ ಲೆಕ್ಕ, ಆದ್ರ ಇವತ್ತಿಗೂ ಅದರ ಹೆಸರು ತಗೀತಾರ.

ಅಲ್ಲಿಂದ ಕಥಿ ದವಾಖಾನಿ ಬಿಟ್ಟು ಸೈನ್ಯಕ್ಕ ಹೋಗ್ತದ. ಎರಡನೇ ಮಹಾಯುದ್ಧದ ಹೊತ್ತಿನಾಗ ಬ್ರಿಟಿಷ್ ಸೈನ್ಯಕ್ಕ ಬಂದ ಹುಡುಗರೊಳಗ ಎಷ್ಟೋ ಮಂದಿ ಸೊರಗಿದವರು, ಪರೀಕ್ಷಾದಾಗ ನಪಾಸ ಆದವರು. ಅಂಥವರನ್ನ ತಳ್ಳಿಬಿಡೂದರ ಬದಲಿ ಇಟ್ಕೊಂಡು ಛಲೋ ಊಟ, ನಿದ್ದಿ, ಹದವಾದ ಕಸರತ್ತು, ಒಂದಿಷ್ಟು ಪಾಠ ಕೊಟ್ಟು ತಯಾರು ಮಾಡಿದ್ರು. ಇದಕ್ಕ 'ಪ್ರಿಹ್ಯಾಬಿಲಿಟೇಶನ್' ಅಂತ ಹೆಸರಿಟ್ಟು 1946ರಾಗ ಅಲ್ಲಿನ ವೈದ್ಯ ಪತ್ರಿಕ್ಯಾಗ ಬರದ್ರು. ಬಿದ್ದ ಮ್ಯಾಲ ಎಬ್ಬಿಸೋದು ರಿಹ್ಯಾಬ್, ಬೀಳೂಕಿಂತ ಮೊದಲ ಗಟ್ಟಿ ಮಾಡೋದು ಪ್ರಿಹ್ಯಾಬ್. ಆ ಶಬ್ದ ಆಪರೇಶನ್ ಕೋಲಿ ಬಾಗಿಲಿಗೆ ಬರಲಿಕ್ಕೆ ಮತ್ತ ಭಾಳ ವರ್ಷ ಹಿಡೀತು.

ನಡುವ, 1990ರ ದಶಕದಾಗ, ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ಅನ್ನೋ ಸರ್ಜನ್ ರೋಗಿಗಳನ್ನ ಲಗೂನ ಎಬ್ಬಿಸಿ, ನಡಿಸಿ, ಉಣಿಸಿ ಮನಿಗೆ ಕಳಸೋ ಪದ್ಧತಿ ಕಟ್ಟಿದ್ರು. ಆದೇ ಡೆನ್ಮಾರ್ಕಿನಾಗ 2002ರಾಗ ಇನ್ನೊಂದು ಪರೀಕ್ಷಾ ಆತು. ಸೊಂಟ, ಮೊಣಕಾಲಿನ ಆಪರೇಶನ್ ಇರೋ 120 ಮಂದಿ ಸಿಗರೇಟು ಸೇದೋರು. ಅರ್ಧಾ ಮಂದಿಗೆ ಆರರಿಂದ ಎಂಟು ವಾರ ಮೊದಲ ಬಿಡಸೋ ಪ್ರಯತ್ನ ಮಾಡಿದ್ರು. ಅವರೊಳಗ ಆಮ್ಯಾಲ ತ್ರಾಸು ಆದದ್ದು ನೂರಕ್ಕ 18 ಮಂದಿಗೆ, ಹಂಗ ಬಿಟ್ಟವರೊಳಗ 52. ನಮ್ಮ ಮನಿ ಗಂಡಸರಿಗೆ ಇದೊಂದು ಸಾಲು ಓದಿ ಹೇಳ್ರಿ, ಉಳದದ್ದು ಅವರು ಕೇಳೂದಿಲ್ಲ.

ನನಗ ಭಾಳ ಖುಷಿ ಕೊಟ್ಟದ್ದು ಕೆನಡಾದ ಮಾಂಟ್ರಿಯಲ್ ಕಥಿ. ಅಲ್ಲೆ ಫ್ರಾಂಕೊ ಕಾರ್ಲಿ ಅನ್ನೋ ಮಂಪರ ಡಾಕ್ಟ್ರು, ದೊಡ್ಡ ಕರಳಿನ ಆಪರೇಶನ್ನಿಗೆ ಕಾಯ್ಕೊಂಡಿದ್ದ 112 ಮಂದೀನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ನಿಂತ ಸೈಕಲ್ಲು, ಭಾರ ಎತ್ತೋದು, ಜೋರು ಕಸರತ್ತು. ಇನ್ನೊಂದಕ್ಕ ಬರೇ ನಡಿಯೋದು, ಉಸರಾಟ. ಸೈಕಲ್ಲಿನವರ ಗೆಲ್ಲತಾರ ಅಂತ ಅವರು ತಿಳಿದಿದ್ರು. 2010ರಾಗ ಬರದದ್ದು ನೋಡಿದ್ರ ಉಲ್ಟಾ. ಆಪರೇಶನ್ ಹೊತ್ತಿಗೆ ನಡಿಗಿ ಸುಧಾರಿಸಿದ್ದು ನಡಿಯೋ ಗುಂಪಿನಾಗ ನೂರಕ್ಕ 47 ಮಂದಿದು, ಸೈಕಲ್ಲಿನವರದು 22. ಯಾಕಂದ್ರ ಆ ಜೋರು ಕಸರತ್ತು ಹೇಳಿದಷ್ಟು ಮಾಡಿದವರೇ ಕಡಿಮಿ! ನಮ್ಮ ಮನ್ಯಾಗ ಮಗ ತಂದಿಟ್ಟ ಸೈಕಲ್ ಮಷೀನ್ ಮ್ಯಾಲ ಈಗ ಟಾವೆಲ್ ಒಣಗ್ತಾವ, ನನಗೇನೂ ಆಶ್ಚರ್ಯ ಆಗಲಿಲ್ಲ.

ಆಮ್ಯಾಲ ಅವರು ಕಸರತ್ತಿನ ಜೋಡಿಗೆ ಪ್ರೊಟೀನ್ ಊಟ, ಮನಸ್ಸು ಹಗುರ ಮಾಡೋದು ಸೇರಿಸಿದ್ರು. 77 ಮಂದಿ, ಎಲ್ಲಾರಿಗೂ ಒಂದ ಪಾಠ. ಒಂದು ಗುಂಪು ಆಪರೇಶನ್ನಿಗೆ ನಾಕು ವಾರ ಮೊದಲ ಶುರು ಮಾಡಿತು, ಇನ್ನೊಂದು ಆಪರೇಶನ್ ಆದ ಮ್ಯಾಲ. ಎಂಟು ವಾರಕ್ಕ ನೋಡಿದ್ರ ಮೊದಲ ಶುರು ಮಾಡಿದವರು ನೂರಕ್ಕ 84 ಮಂದಿ ತಮ್ಮ ಹಿಂದಿನ ನಡಿಗಿಗೆ ಬಂದಿದ್ರು, ಆಮ್ಯಾಲ ಶುರು ಮಾಡಿದವರು 62. ಇದು 2014ರ ಮಾತು. ಎಲ್ಲಾ ಆಪರೇಶನ್ನಿಗೂ ಹಿಂಗ ಢಾಳಾಗಿ ಕಾಣಸ್ತದ ಅಂತ ನಾ ಹೇಳೂದಿಲ್ಲ. ಮೊಣಕಾಲಿಗೆ ಲಾಭ ಸ್ವಲ್ಪನ, ಅದೂ ಮೊದಲಿನ ದಿನಗಳಾಗ ಹೆಚ್ಚು ಅಂತ ಮಗಳು ಹೇಳ್ತಾಳ.

ಕಡೀದು ಒಂದು ಅದ, ಅದನ್ನ ಓದಿ ಆ ರಾತ್ರಿ ನನಗ ನಿದ್ದಿ ಬರಲಿಲ್ಲ. 2018ರಾಗ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ದವರು ಬರದದ್ದು. ಹೊಟ್ಟಿ ಮೇಲ್ಭಾಗದ ದೊಡ್ಡ ಆಪರೇಶನ್ ಇರೋ 441 ಮಂದಿ. ಎಲ್ಲಾರಿಗೂ ಒಂದು ಪುಸ್ತಕ ಕೊಟ್ರು. ಅರ್ಧಾ ಮಂದಿ ಜೋಡಿ ಮಾತ್ರ ಫಿಸಿಯೋಥೆರಪಿಯವರು ಒಮ್ಮೆ ಅರ್ಧಾ ತಾಸು ಕೂತು ಹೇಳಿದ್ರು: ಮಂಪರದಾಗ ಪುಪ್ಪಸದ ಕೆಳಗಿನ ಭಾಗ ಮುಚ್ಚಿಕೊಳ್ತದ, ಕಫ ಕೂಡ್ತದ, ಎಚ್ಚರಾದ ಕೂಡಲೇ ತಾಸಿಗೊಮ್ಮೆ ಉದ್ದ ಉಸರು ತಗೋರಿ, ಕೆಮ್ಮರಿ ಅಂತ. ಮಾಡಿ ತೋರಿಸಿ, ಅವರ ಕಡಿಂದ ಮಾಡಿಸಿದ್ರು. ಅಷ್ಟ. ಪುಪ್ಪಸದ ತ್ರಾಸು ಪುಸ್ತಕ ಅಷ್ಟ ಸಿಕ್ಕವರೊಳಗ ನೂರಕ್ಕ 27 ಮಂದಿಗೆ, ಅರ್ಧಾ ತಾಸು ಸಿಕ್ಕವರೊಳಗ 12.

ಅರ್ಧಾ ತಾಸು. ನಾವು ಮೆಣಸಿನಕಾಯಿ ತೊಟ್ಟು ಮುರಿಲಿಕ್ಕೇನ ಅದಕ್ಕಿಂತ ಹೆಚ್ಚು ಹೊತ್ತು ಕೂತಿದ್ವಿ. 1991ರಾಗ ನಮಗ ಯಾರೂ ಹೇಳಿರಲಿಲ್ಲ, ನಮಗೂ ಕೇಳೋದು ತಿಳೀಲಿಲ್ಲ.

ನನ್ನ ಸುದ್ದಿನೂ ಹೇಳಿಬಿಡ್ತೀನಿ. ನನಗ ಗರ್ಭಚೀಲ ತಗಿಯೋ ಆಪರೇಶನ್ ಠರಾವಾದಾಗ ರಕ್ತ ಏಳು ಇತ್ತು. ಡಾಕ್ಟ್ರಬಾಯಿ ತಾರೀಖು ಮುಂದ ಹಾಕಿ, "ಹತ್ತು ಮಾಡ್ಕೊಂಡು ಬರ್ರಿ" ಅಂತ ಮನಿಗೆ ಕಳಿಸಿದ್ರು. ನನಗ ಎಷ್ಟು ಸಿಟ್ಟು ಬಂದಿತ್ತು ಅಂತೀರಿ! ಚಟ್ನಿ ಪುಡಿ ಎಲ್ಲಾ ಮಾಡಿಟ್ಟಿದ್ದೆ, ನಾದಿನಿ ರಜಾ ಹಾಕಿ ಬಂದು ಕೂತಿದ್ಲು. ಎರಡು ತಿಂಗಳು ಕಬ್ಬಿಣದ ಗುಳಿಗಿ ತಗೊಂಡೆ, ಲಿಂಬಿಹಣ್ಣಿನ ಜೋಡಿ, ಚಾದಿಂದ ದೂರ ಇಟ್ಟು. ಚಾ ಕುಡದ್ರ ಕಬ್ಬಿಣ ಮೈಗೆ ಹತ್ತೂದಿಲ್ಲಂತ. ಮೊಳಕಿ ಕಾಳು, ಮೆಂತ್ಯಪಲ್ಯ, ಸಂಜಿಗೆ ಗುಡಿ ತನಕ ನಡಿಗಿ. ಹತ್ತಕ್ಕ ಬಂದ ಮ್ಯಾಲ ಆಪರೇಶನ್ ಆತು, ಮರುದಿನ ಎದ್ದು ನಡದೆ. ಸರಕಾರದ 2019-21ರ ಲೆಕ್ಕದಾಗ ನಮ್ಮ ದೇಶದ 15ರಿಂದ 49ರೊಳಗಿನ ಹೆಂಗಸರು ನೂರಕ್ಕ 57 ಮಂದಿ ರಕ್ತ ಕಡಿಮಿ ಇದ್ದವರು. ಅಂದ್ರ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಬಾಯಾರು ನನಗ ಹೇಳಿದ ಮಾತು ಲಾಗೂ ಆಗ್ತದ. ಗಡಿಬಿಡಿ ಆಪರೇಶನ್ನಿಗೆ, ಅಪೆಂಡಿಕ್ಸ್ ಒಡದದ್ದು, ಕೂಸು ಅಡ್ಡ ಆದದ್ದು, ಅದಕ್ಕೆಲ್ಲಾ ಇದು ನಡಿಯೂದಿಲ್ಲ. ಆದ್ರ ತಾರೀಖು ಕೊಟ್ಟು ಕಳಿಸಿದ್ರ ನಡುವಿನ ದಿನ ನಮ್ಮವು.

ವೈನಿಗೆ ಇದೆಲ್ಲಾ ಫೋನಿನಾಗ ಓದಿ ಹೇಳಿದೆ. "ಲಾರೆ, ಸ್ಟಡ್ಲಿ ಬಿಡು, ನಾ ಏನ್ ಮಾಡ್ಲಿ ಹೇಳು" ಅಂದ್ರು. ಮಗಳು ವಿಡಿಯೋ ಕಾಲ್‌ನಾಗ ಕುರ್ಚಿ ಮ್ಯಾಲ ಕೂತು ಕಾಲು ನೆಟ್ಟಗ ಚಾಚಿ ಐದು ಎಣಿಸೋದು ತೋರಿಸಿದ್ಲು. ಡಾಕ್ಟ್ರನ್ನ ಕೇಳಿ ಮಾಡ್ರಿ ಅಂತನೂ ಹೇಳ್ಯಾಳ. ಶುಗರ್ ತೋರಿಸಿಕೊಂಡು ಬಂದಾರ, ರಕ್ತದ ರಿಪೋರ್ಟ್ ನಾಳೆ ಬರ್ತದ. ನಿನ್ನೆ ತನಕ ಕಾಲು ಚಾಚೋದು ಹತ್ತರಿಂದ ಹದಿನಾಕಕ್ಕ ಬಂದದ. ಗೋದಿ ನಮ್ಮ ಅಣ್ಣ ಹಸನ ಮಾಡ್ಲಿಕ್ಕೆ ಕೂತಾನಂತ, ಕಲ್ಲು ಬಿಟ್ಟು ಕಾಳು ಆರಿಸಿ ಒಗಿತಾನಂತ.