ಗರ್ಭದ ಕೂಸಿಗೆ ಕಿಣ್ವಗಳ ಕಾವಲು

ತಾಯಿಯ ಒಡಲಲ್ಲಿ ಬೆಳೆಯುವ ಭ್ರೂಣವು ಜೀವವಿಜ್ಞಾನದ ದೃಷ್ಟಿಯಲ್ಲಿ ಅರ್ಧ ಪರಕೀಯ. ಅದರ ವಂಶವಾಹಿಗಳಲ್ಲಿ ಅರ್ಧದಷ್ಟು ತಂದೆಯಿಂದ ಬಂದವು. ಕಸಿ ಮಾಡಿದ ಅನ್ಯರ ಮೂತ್ರಪಿಂಡವನ್ನು ತಿರಸ್ಕರಿಸುವ ದೇಹವು ಒಂಬತ್ತು ತಿಂಗಳು ಈ ಕೂಸನ್ನು ಸಹಿಸುವುದಾದರೂ ಹೇಗೆ? ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲಿ ಎತ್ತಿದ ಈ ಪ್ರಶ್ನೆಗೆ ಉತ್ತರದ ಒಂದು ಭಾಗ ಮಾಸಿನ ಕಿಣ್ವಗಳಲ್ಲಿದೆ.

ನೆಲೆಯೂರುವ ಹಂತ

ಅಂಡಾಣು ಫಲಿತಗೊಂಡ ಸುಮಾರು 6ರಿಂದ 10 ದಿನಗಳಲ್ಲಿ ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಅದರ ಹೊರಸುತ್ತಿನ ಟ್ರೋಫೋಬ್ಲಾಸ್ಟ್ ಕೋಶಗಳಿಂದಲೇ ಮುಂದೆ ಮಾಸು ರೂಪುಗೊಳ್ಳುತ್ತದೆ. ಈ ಕೋಶಗಳು ಸ್ರವಿಸುವ ಮೆಟಲೋಪ್ರೊಟಿನೇಸ್ ಕಿಣ್ವಗಳು ಒಳಪದರದ ಪ್ರೋಟೀನ್ ಜಾಲವನ್ನು ಕರಗಿಸಿ ದಾರಿ ಮಾಡಿಕೊಡುತ್ತವೆ. ಅವು ಮಿತಿಮೀರದಂತೆ ತಡೆಯುವ ಪ್ರೋಟೀನುಗಳೂ ಅಲ್ಲಿಯೇ ಉತ್ಪತ್ತಿಯಾಗುತ್ತವೆ. ಬೇರು ಆಳಕ್ಕಿಳಿಯದಿದ್ದರೆ ತಾಯಿಯ ರಕ್ತನಾಳಗಳು ಸಾಕಷ್ಟು ಹಿಗ್ಗುವುದಿಲ್ಲ. ಶಿಶುವಿನ ಬೆಳವಣಿಗೆ ಕುಂಠಿತವಾಗುವುದಕ್ಕೂ ತಾಯಿಗೆ ಗರ್ಭನಂಜು ತಗಲುವುದಕ್ಕೂ ಇದು ಕಾರಣವಾಗಬಲ್ಲದು.

ತಿರಸ್ಕಾರಕ್ಕೆ ತಡೆ

1998ರಲ್ಲಿ ಅಮೆರಿಕದ ಜಾರ್ಜಿಯಾ ವೈದ್ಯಕೀಯ ಕಾಲೇಜಿನ ಡೇವಿಡ್ ಮನ್, ಆಂಡ್ರ್ಯೂ ಮೆಲರ್ ಮತ್ತು ಸಂಗಡಿಗರು ಗರ್ಭಿಣಿ ಇಲಿಗಳಲ್ಲಿ ಐಡಿಒ ಎಂಬ ಕಿಣ್ವವನ್ನು ಔಷಧದಿಂದ ತಡೆದರು. ಬೇರೆ ತಳಿಯ ತಂದೆಯಿಂದಾದ ಭ್ರೂಣಗಳು ನಾಶವಾದವು. ಒಂದೇ ತಳಿಯವು ಉಳಿದವು. ಈ ಕಿಣ್ವವು ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವನ್ನು ಒಡೆಯುತ್ತದೆ. ಅದಿಲ್ಲದೆ ತಾಯಿಯ ರೋಗನಿರೋಧಕ ಟಿ ಕೋಶಗಳು ವೃದ್ಧಿಸಲಾರವು. ಆದರೆ ಐಡಿಒ ವಂಶವಾಹಿಯೇ ಇಲ್ಲದ ಇಲಿಗಳೂ ಮರಿ ಹಾಕಿದ್ದು ಮುಂದೆ ಕಂಡುಬಂತು. ಅಂದರೆ ಕಾವಲು ಒಂದೇ ಕಿಣ್ವದ್ದಲ್ಲ.

ಜ್ಯೇಷ್ಠಮಧುವಿನ ಎಚ್ಚರಿಕೆ

ತಾಯಿಯ ರಕ್ತದಲ್ಲಿರುವ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಶಿಶುವನ್ನು ಅತಿಯಾಗಿ ತಲುಪದಂತೆ ಮಾಸಿನ ಮತ್ತೊಂದು ಕಿಣ್ವವು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ನಮ್ಮಲ್ಲಿ ಕೆಮ್ಮಿಗೆ ಬಳಸುವ ಜ್ಯೇಷ್ಠಮಧುವಿನಲ್ಲಿರುವ ಗ್ಲೈಸಿರೈಜಿನ್ ಈ ಕಿಣ್ವವನ್ನು ತಡೆಯಬಲ್ಲದು. ಗರ್ಭಿಣಿಯರು ಇದನ್ನು ಹೆಚ್ಚು ಸೇವಿಸಬಾರದೆಂದು ಫಿನ್ಲೆಂಡ್ ಸಲಹೆ ನೀಡಿದೆ.

ಪರೀಕ್ಷೆ, ಚಿಕಿತ್ಸೆ

ಗರ್ಭದ 11ರಿಂದ 13ನೇ ವಾರದಲ್ಲಿ ನಡೆಸುವ ‘ಡಬಲ್ ಮಾರ್ಕರ್’ ರಕ್ತಪರೀಕ್ಷೆಯಲ್ಲಿ ಅಳೆಯುವ ಪಾಪ್-ಎ ಕೂಡ ಮಾಸಿನ ಕಿಣ್ವವೇ. ಬೆಳವಣಿಗೆಯ ಅಂಶಗಳನ್ನು ಬಂಧಮುಕ್ತಗೊಳಿಸುವುದು ಅದರ ಕೆಲಸ. ಅದರ ಪ್ರಮಾಣ ತೀರಾ ಕಡಿಮೆಯಿದ್ದರೆ ವೈದ್ಯರು ಹೆಚ್ಚಿನ ನಿಗಾ ಇಡುತ್ತಾರೆ. ಸೈಕ್ಲೋಆಕ್ಸಿಜನೇಸ್ ಕಿಣ್ವವನ್ನು ತಡೆಯುವ ಆಸ್ಪಿರಿನ್ ಅನ್ನು ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ, 37 ವಾರಕ್ಕೆ ಮುನ್ನ ಹೆರಿಗೆ ಮಾಡಿಸಬೇಕಾದ ಗರ್ಭನಂಜಿನ ಪ್ರಕರಣಗಳು ಶೇ 62ರಷ್ಟು ತಗ್ಗಿದವೆಂದು 2017ರ ಅಧ್ಯಯನವೊಂದು ತಿಳಿಸಿತು. ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಕೂಡದು.

ಗರ್ಭ ನಿಲ್ಲದಿದ್ದಾಗ ದೂರು ಹೆಣ್ಣಿನ ಮೇಲೆಯೇ ಬರುವುದುಂಟು. ಆದರೆ ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಕಿಣ್ವಗಳ ಏರುಪೇರಿನಂತೆ ಅದೂ ಆಕೆಯ ಕೈಯಲ್ಲಿಲ್ಲ.