ಪಾರ್ಶ್ವವಾಯುವಿನ ನಂತರದ ಖಿನ್ನತೆ

ಲಕ್ವ ಹೊಡೆದವರನ್ನು ಕಾಡುವ ಖಿನ್ನತೆಯನ್ನು ಕಾಯಿಲೆಯೆಂದು ಒಪ್ಪಲು ವೈದ್ಯಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು. ಕೈಕಾಲು ಬಿದ್ದುಹೋದ ಮೇಲೆ ಯಾರಿಗೆ ತಾನೇ ದುಃಖವಾಗದು ಎಂಬ ಕನಿಕರದ ಮಾತೇ ಅದಕ್ಕೆ ಅಡ್ಡಬಂತು. ಮಿದುಳಿನ ರಕ್ತನಾಳಗಳ ರೋಗಕ್ಕೂ ಖಿನ್ನತೆಗೂ ನಂಟಿರುವುದನ್ನು ಜರ್ಮನಿಯ ಎಮಿಲ್ ಕ್ರೇಪೆಲಿನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗಮನಿಸಿದ್ದರು. ಆದರೂ ಕನಿಕರದ ಆ ವಿವರಣೆಯನ್ನು ಯಾರೂ ನೇರವಾಗಿ ಒರೆಗೆ ಹಚ್ಚಿರಲಿಲ್ಲ. 1977ರಲ್ಲಿ ಮಾರ್ಷಲ್ ಫೋಲ್‌ಸ್ಟೀನ್ ಮತ್ತು ಸಂಗಡಿಗರು ಆ ಕೆಲಸ ಮಾಡಿದರು. ಲಕ್ವದ 20 ರೋಗಿಗಳನ್ನು, ಅಷ್ಟೇ ಪರಾವಲಂಬಿಗಳಾಗಿದ್ದ 10 ಮೂಳೆರೋಗಿಗಳ ಜೊತೆ ಹೋಲಿಸಿ ನೋಡಿದರು. ಖಿನ್ನತೆ ಲಕ್ವದವರಲ್ಲಿ ಶೇ. 45, ಮೂಳೆರೋಗಿಗಳಲ್ಲಿ ಶೇ. 10. ಅಸಹಾಯಕತೆಯೊಂದೇ ಕಾರಣವಾಗಿದ್ದರೆ ಇಷ್ಟು ಅಂತರ ಬರಬಾರದಿತ್ತು. ಮೂವತ್ತು ಜನರ ಅಧ್ಯಯನ ತೀರ ಚಿಕ್ಕದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ತಮ್ಮ ಅಂಗ ಸ್ವಾಧೀನ ತಪ್ಪಿದೆ ಎಂಬ ಅರಿವೇ ಇಲ್ಲದ ರೋಗಿಗಳಲ್ಲೂ ಖಿನ್ನತೆ ಕಂಡುಬಂದಿದೆ. ಕಳೆದುಕೊಂಡದ್ದು ಗೊತ್ತೇ ಇಲ್ಲದವರ ದುಗುಡವನ್ನು ಕಳೆದುಕೊಂಡ ದುಃಖವೆನ್ನುವುದು ಹೇಗೆ?

ಹಾಗಾದರೆ ಮಿದುಳಿನ ಯಾವ ಭಾಗ ಕೆಟ್ಟರೆ ಮನಸ್ಸು ಕುಸಿಯುತ್ತದೆ? ಎಡಮಿದುಳಿನ ಮುಂಭಾಗವೆಂದು ಅಮೆರಿಕದ ರಾಬರ್ಟ್ ರಾಬಿನ್‌ಸನ್ 1980ರ ದಶಕದಲ್ಲಿ ವಾದಿಸಿದರು. 2000ದಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ವಿಮರ್ಶೆಯಲ್ಲಿ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಆ ವಾದಕ್ಕೆ ಆಧಾರ ದೊರೆಯಲಿಲ್ಲ. ಹಾಗೆಂದು ಹಳೆಯ ವಿವರಣೆಯೇ ಗೆದ್ದಿತೆನ್ನುವುದು ಅವಸರದ ಮಾತು. ಒಂದೇ ಜಾಗ ಸಿಗಲಿಲ್ಲವೆಂದರೆ ಮಿದುಳಿಗೆ ಪಾತ್ರವೇ ಇಲ್ಲವೆಂದಾಗದು; ಗಾಯ, ನೋವು, ಹಿಂದಿನ ಖಿನ್ನತೆ, ಮನೆಯವರ ಆಸರೆ ಎಲ್ಲವೂ ಇದರಲ್ಲಿ ಹೆಣೆದುಕೊಂಡಿವೆ. ಲಕ್ವವಾದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆಂಬುದರಲ್ಲಿ ಮಾತ್ರ ಈಗ ಹೆಚ್ಚು ತಕರಾರಿಲ್ಲ.

ಮದ್ದಿನಿಂದ ಇದು ಇಳಿಯುತ್ತದೆಂದು 1984ರ ನಾರ್‌ಟ್ರಿಪ್ಟಿಲಿನ್ ಪ್ರಯೋಗ ತೋರಿಸಿತು. ಅಂದಮೇಲೆ ಎಲ್ಲರಿಗೂ ಮೊದಲೇ ಮಾತ್ರೆ ಕೊಡಬಾರದೇಕೆ? ಬ್ರಿಟನ್ನಿನಲ್ಲಿ 3,127 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ 'ಫೋಕಸ್' ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಆರು ತಿಂಗಳು ಫ್ಲೂಆಕ್ಸೆಟಿನ್ ನುಂಗಿದವರಲ್ಲಿ ಹೊಸದಾಗಿ ಖಿನ್ನತೆ ಬಂದದ್ದು ಕಡಿಮೆ, ಮೂಳೆ ಮುರಿದದ್ದು ಹೆಚ್ಚು. ದೈನಂದಿನ ಚಟುವಟಿಕೆಯಲ್ಲಿ ಸುಧಾರಣೆಯೇನೂ ಕಾಣಲಿಲ್ಲ. ಆದ್ದರಿಂದ ಒಬ್ಬೊಬ್ಬರನ್ನೂ ವಿಚಾರಿಸಿಯೇ ಚಿಕಿತ್ಸೆ ನಿರ್ಧರಿಸಬೇಕು. ಆದರೆ ಮಾತೇ ನಿಂತುಹೋದವರನ್ನು ವಿಚಾರಿಸುವುದೆಂತು? ಹಲವು ಅಧ್ಯಯನಗಳು ಅವರನ್ನು ಹೊರಗಿಟ್ಟೇ ಲೆಕ್ಕ ಹಾಕಿದ್ದವು. ಈ ಇತಿಹಾಸದ ದೊಡ್ಡ ಕೊರತೆ ಅದು. 1998ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇಂಥವರಿಗೆಂದೇ ಒಂದು ಪ್ರಶ್ನಾವಳಿ ರೂಪಿಸಿದರು. ಅದನ್ನು ತುಂಬುವವರು ರೋಗಿಯ ಆರೈಕೆ ಮಾಡುವವರು: ಆಗಾಗ ಅಳುತ್ತಾರೆಯೇ, ಕಣ್ಣಿಗೆ ಕಣ್ಣು ಕೊಡದೆ ಮುಖ ತಿರುಗಿಸುತ್ತಾರೆಯೇ, ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಾರೆಯೇ?