ಬೇಲಿಯ ಹಣ್ಣು

ನಾನು ಗದ್ವಾಲಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಇತಿಹಾಸವೆಂದರೆ ಬಿ.ಎ.ಯಲ್ಲಿ ಓದಿದ್ದಷ್ಟೇ. ಈ ಲೇಖನಕ್ಕೆ ಕಾರಣ ಮಕ್ತಲಿನ ನಮ್ಮ ಹಿತ್ತಲಿನ ಬಾರಿ ಗಿಡ ಮತ್ತು ಅದಕ್ಕೆ ಹತ್ತಿದ ಕವಳಿ ಬೇಲಿ. ಹೋದ ವರ್ಷ ತಮ್ಮ ಅದನ್ನು ಕಡಿಸಿ ಕಾಂಪೌಂಡ್ ಕಟ್ಟಿಸೋಣವೆಂದ. ಅವ್ವ, "ನಾ ಇರೂತನಕ ಮುಟ್ಟಬ್ಯಾಡ್ರಪಾ" ಎಂದಳು.

ಕಾಸರಗೋಡಿನ ಓದುಗರಿಗೆ ನಮ್ಮ ಕವಳಿ ಎಂದರೆ ಕರಂಡೆ. ಲಿನ್ನೇಯಸ್ 1767ರಲ್ಲಿ ಇದಕ್ಕಿಟ್ಟ 'ಕರಿಸ್ಸಾ ಕರಂಡಾಸ್' ಎಂಬ ಹೆಸರಿನಲ್ಲಿ ನಿಮ್ಮ ಮಾತಿನ ದನಿಯೇ ಇದೆ. ಬಾರಿಯನ್ನು ಮೈಸೂರು ಕಡೆಯವರು ಎಳಚಿ ಎನ್ನುತ್ತಾರೆ, ತೆಲುಗಿನವರು ರೇಗಿ. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್'ನಲ್ಲಿ ಅದು 'ಪೆರಿಂ ತೊಡ್ಡಾಲಿ'. ಡಚ್ ಅಧಿಕಾರಿ ವಾನ್ ರೀಡ್‌ನಿಗೆ ಗಿಡಗಳ ಗುಣ ತಿಳಿಸಿದವರಲ್ಲಿ ಇಟ್ಟಿ ಅಚ್ಯುತನ್ ವೈದ್ಯರೂ ಮೂವರು ಕೊಂಕಣಿ ಪಂಡಿತರೂ ಇದ್ದರು.

ಈ ಎರಡು ಮುಳ್ಳುಗಿಡಗಳಿಗೆ ಇನ್ನೊಂದು ಕಥೆಯೂ ಇದೆ, ಅಷ್ಟು ಸಿಹಿಯಲ್ಲದ್ದು. ಉಪ್ಪಿನ ಮೇಲಿನ ತೆರಿಗೆ ತಪ್ಪಿಸಿಕೊಳ್ಳದಂತೆ ಬ್ರಿಟಿಷರು ಸಿಂಧೂ ನದಿಯಿಂದ ಮಹಾನದಿಯವರೆಗೆ ಸುಮಾರು 2,300 ಮೈಲಿ ಸುಂಕದ ಗಡಿ ಎಳೆದರು. ಸುಮಾರು 12,000 ಜನ ಕಾವಲು. ಅದರ ಬಹುಭಾಗಕ್ಕೆ ಬೇಲಿ. ನೆಲ ಒಪ್ಪಿದಲ್ಲಿ ಬಾರಿ, ಕವಳಿ, ಜಾಲಿ, ಕಳ್ಳಿಯ ಜೀವಂತ ಬೇಲಿ. ಅದನ್ನು ಹುರುಪಿನಿಂದ ಬೆಳೆಸಿದ ಸುಂಕದ ಕಮಿಷನರ್ ಎ.ಓ. ಹ್ಯೂಮ್, 1885ರಲ್ಲಿ ಕಾಂಗ್ರೆಸ್ ಸ್ಥಾಪಿಸಿದವರಲ್ಲಿ ಒಬ್ಬನಾದವನೂ ಅವನೇ! 1879ರಲ್ಲಿ ಆ ಗಡಿ ರದ್ದಾಯಿತು. ಬೇಲಿ ಎಷ್ಟು ಬೇಗ ಮರೆಯಾಯಿತೆಂದರೆ, ರಾಯ್ ಮಾಕ್ಸಮ್ ಎಂಬ ಆಂಗ್ಲ ಲೇಖಕ ಅದರ ಗುರುತು ಹುಡುಕಲು ವರ್ಷಗಟ್ಟಲೆ ಅಲೆದು 2001ರಲ್ಲಿ ಪುಸ್ತಕ ಬರೆದ.

ನಮ್ಮ ಗಡಿಗೆ ಮುಳ್ಳು ಬೇಕಾಗಲಿಲ್ಲ. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು 1956ರ ನವೆಂಬರ್ 1ರಂದು ಆಂಧ್ರಕ್ಕೆ ಸೇರಿದವು. ಅದೇ ದಿನ ಕಾಸರಗೋಡು ಕೇರಳಕ್ಕೆ. ಮಕ್ತಲ್, ನಾರಾಯಣಪೇಟೆ ಅದಕ್ಕೂ ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. 2014ರಲ್ಲಿ ತೆಲಂಗಾಣ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ. ಕಚೇರಿಯ ಬೋರ್ಡು ಬದಲಾಯಿತು. ಸಂಕ್ರಾಂತಿಗೆ ಮಕ್ಕಳ ತಲೆಯ ಮೇಲೆ ಹಣ್ಣು ಎರೆಯುವುದು ಬದಲಾಗಲಿಲ್ಲ.

ಹೆಸರು ಮಾತ್ರ ಬದಲಾಯಿತು. ಕಳೆದ ಭೋಗಿಯಂದು ನನ್ನ ಮಗಳು "ಅಜ್ಜಿ, ರೇಗಿಪಂಡ್ಲು ತಾ" ಎಂದು ಕೂಗಿದಳು. ಅವ್ವ ಹಣ್ಣು ಕೊಟ್ಟಳು, ಮಾತಾಡಲಿಲ್ಲ. ಮಗಳ ಶಾಲೆಯಲ್ಲಿ ಕನ್ನಡವಿಲ್ಲ. ಆ ಶಾಲೆ ಆರಿಸಿದವನು ನಾನೇ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಗಿಡ ಬೆಳೆಸುವವರಿಗೆ ಅವ್ವನಿಂದ ಕಲಿತದ್ದು ಇಷ್ಟು. ಬಾರಿ ಬೀಜದ ಗಟ್ಟಿ ಓಡು ಒಡೆದು, ಇದ್ದ ಜಾಗದಲ್ಲೇ ಊರಬೇಕು. ತಾಯಿಬೇರು ಆಳಕ್ಕಿಳಿಯುವುದರಿಂದ ಕಿತ್ತು ನೆಟ್ಟರೆ ಸೊರಗುತ್ತದೆ. ಹೊಸ ಚಿಗುರಿನಲ್ಲೇ ಕಾಯಿ ಬಿಡುವುದರಿಂದ ಬೇಸಿಗೆಯಲ್ಲಿ ಕೊಂಬೆ ಕತ್ತರಿಸಬೇಕು. ಕವಳಿ ಬೀಜ ಒಣಗಿಸಿ ಇಟ್ಟರೆ ಕೆಟ್ಟಿತು, ಹಣ್ಣು ತಿಂದ ಕೂಡಲೇ ಬಿತ್ತಬೇಕು. ಎರಡು ಮೂರು ಅಡಿಗೊಂದು ಗಿಡ ಸಾಕು, ದನ ನುಗ್ಗುವುದಿಲ್ಲ.

ಗೋಡೆಯ ಮಾತು ಇನ್ನೂ ಮುಗಿದಿಲ್ಲ. ರಸ್ತೆಯ ಕಡೆಗೆ ಮಾತ್ರ ಕಟ್ಟೋಣವೆಂದು ತಮ್ಮನಿಗೆ ಹೇಳಿದ್ದೇನೆ. ಬರುವ ಮಳೆಗಾಲಕ್ಕೆ ಮಗಳ ಕೈಯಿಂದಲೇ ಹಿತ್ತಲಿನ ಸಂದಿನಲ್ಲಿ ಕವಳಿ ಬಿತ್ತಿಸಬೇಕೆಂದಿದ್ದೇನೆ. ಹೆಸರನ್ನು ಅವಳ ಅಜ್ಜಿಯೇ ಹೇಳಿಕೊಡಲಿ.